ಪುಡಿ ಎಲೆ

ಎಲೆಗೆ ಮೊದಲು ಸ್ನಾನ ಮಾಡಿಸಬೇಕು ಇಲ್ಲಿ.
ಏಸಿಯ ಕೊಳವೆ ರಾತ್ರಿಯಿಡೀ ತೊಟ್ಟಿಕ್ಕಿದ ನೀರು
ಬಾಲ್ಕನಿಯ ಬಕೆಟ್ಟಿನಲ್ಲಿದೆ. ಅದ್ದಿದರೆ
ಬೇವು ಬಿಡುತ್ತದೆ ಒಂದು ಚಿಟಿಕೆ ಮರಳುಗಾಡು,
ನೀರಿಗೆ ಚಹಾದ ಬಣ್ಣ.
ಆಮೇಲೆ ಹಸಿರು.

ಶಾರ್ಜಾದ ಮುವೈಲಾ, ಆರನೇ ಮಹಡಿ, ಶನಿವಾರ.
ನೆಲಕ್ಕೆ ಹಾಸಿದ್ದು ನನಗೆ ಓದಲು ಬಾರದ ಅರಬ್ಬಿ ಪತ್ರಿಕೆ.
ಸುತ್ತ ಐದು ಮಕ್ಕಳು, ಕನ್ನಡ ಕಲಿಯಲು ಬಂದವರು.
ಎಲೆಯ ‘ಎ’ ಬರೆಯಿರಿ ಅಂದರೆ ಆಕಳಿಸುತ್ತಿದ್ದರು;
ಎಲೆಗೇ ಬಣ್ಣ ಬಳಿಯಿರಿ ಅಂದೆ,
ಮೊಣಕೈವರೆಗೂ ಕಲಿತರು.

ಹಿಂಬದಿಗೆ ಬಳಿ, ನರ ಎದ್ದಿರುವ ಕಡೆ.
ಸಾಕು ಶಿಫಾ, ಎಲೆ ಮುಳುಗಿದರೆ ಬರೀ ಬಣ್ಣ ಮೂಡುತ್ತದೆ.
ಕಾಗದದ ಮೇಲಿಟ್ಟು ಅಂಗೈಯಲ್ಲಿ ಒತ್ತು,
ಅಮ್ಮ ಜ್ವರ ನೋಡುತ್ತಾಳಲ್ಲ, ಹಾಗೆ.
ಈಗ ತೊಟ್ಟು ಹಿಡಿದು ಎತ್ತು.

ಬಾದಾಮಿಯ ಎಲೆ ಭೂಪಟವಾಯಿತು, ಹೊಳೆಗಳೆಲ್ಲ ಕೆಂಪು.
ಲಿಯೋನಾಳ ಕಾಗದದ ಹೂ ಮೂರು ಚಿಟ್ಟೆ,
ಒಂದಕ್ಕೆ ರೆಕ್ಕೆ ಕಡಿಮೆ.
ಖರ್ಜೂರದ ಗರಿ ಬೇಲಿಯಾಗಲು ಹೋಗಿ ಬಾಚಣಿಗೆಯಾಯಿತು.

ಚಿರಂತ ತಂದದ್ದು ಮಾತ್ರ ಪುಡಿಪುಡಿ:
ಕಾರು ನಿಲ್ಲಿಸುವ ಬಯಲಿನ ಗಾಫ್ ಮರದ್ದು,
ಹುಣಿಸೆಗಿಂತ ಸಣ್ಣದು, ಜೇಬಿನಲ್ಲಿ
ಚೂಯಿಂಗ್ ಗಮ್ಮಿನ ಕಾಗದಕ್ಕೆ ಅಂಟಿಕೊಂಡು ಬಂದಿತ್ತು.
ಒತ್ತಿದ. ಅಚ್ಚಿಲ್ಲ, ಚುಕ್ಕೆ.
“ಇದು ವೇಸ್ಟು ಆಂಟಿ.”

ಬಿಸಾಡಲೆಂದು ಕಡ್ಡಿ ಎತ್ತಿಕೊಂಡೆ.
ಮುಳ್ಳು ಬೆರಳಿಗೆ ಚುಚ್ಚಿದ ಮೇಲೆ
ಕಣ್ಣಿಗೆ ಗೊತ್ತಾಯಿತು.

ಹದಿನಾಲ್ಕು ವರ್ಷ ಇದರ ನೆರಳಿಗೆ ಜಗಳವಾಡಿ
ಕಾರು ನಿಲ್ಲಿಸಿದ್ದೇನೆ, ಒಮ್ಮೆಯೂ ತಲೆ ಎತ್ತಲಿಲ್ಲ.
ಗದಗಿನಲ್ಲಿ ದಸರೆಯ ಸಂಜೆ ಅಂಗೈಯಿಂದ ಅಂಗೈಗೆ
ದಾಟುತ್ತಿದ್ದುದು ಇದೇ. ಜಗಳವಾಡಿದವರ ಮನೆಗೂ
ಅಪ್ಪ ಹೋಗಿ ಕೊಟ್ಟು ಬರುತ್ತಿದ್ದ.
ಇಲ್ಲಿ ಬೇರೆ ಹೆಸರು. ಒಂಟೆಗೆ ಮೇವು.

“ಬನ್ನಿ,” ಅಂದೆ, ನನಗೆ ನಾನೇ.
ಐದೂ ಮಕ್ಕಳು ಎದ್ದು ನಿಂತರು.
“ಎಲ್ಲಿಗೆ ಆಂಟಿ?”

ನಗು ಬಂತು, ಉತ್ತರ ಬರಲಿಲ್ಲ.
ಕೂಡಿಸಿದೆ. ಹೇಳಿದೆ: ಇದೂ ಒಂದು ಬನ್ನಿ,
ಇದನ್ನು ಬಂಗಾರ ಅಂತ ಕೊಡುತ್ತಾರೆ,
“ತಗೋ, ಬಂಗಾರದಂಗ ಇರು” ಅನ್ನುತ್ತಾರೆ.
“ಗೋಲ್ಡ್ ಇದೆಯಲ್ಲ!” ಅಂತ ಚಿರಂತ ಡಬ್ಬಿ ತೆರೆದ.

ಕಪ್ಪು ಕಾಗದಕ್ಕೆ ಪುಡಿ ಎಲೆ ಚೆಲ್ಲಿ,
ಸ್ಪಂಜಿನಲ್ಲಿ ಬಂಗಾರ ತಟ್ಟಿ, ಕೆನ್ನೆ ಊದಿಸಿ
ಉಫ್ ಎಂದ.
ಎಲೆ ಹಾರಿದ ಜಾಗದಲ್ಲೆಲ್ಲ ಎಲೆ,
ಕಪ್ಪಗೆ, ನೂರಾರು.
ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ
ನನಗೂ ಗೋಲ್ಡು, ನನಗೂ ಗೋಲ್ಡು.

ಸಂಜೆ ಕೆಳಗಿಳಿದೆ. ಲಿಫ್ಟಿನ ಗುಂಡಿಯ ಮೇಲೆ
ಹೊಳೆಯುವ ಪುಟ್ಟ ಬೆರಳು, ಒಂದಲ್ಲ, ಎಲ್ಲ ಮಹಡಿಗಳಿಗೂ.
ವಾಚ್‌ಮನ್ ಶರೀಫುಲ್ ಬಟ್ಟೆ ಒದ್ದೆ ಮಾಡಿ ಉಜ್ಜುತ್ತಿದ್ದ.
“ಹೋಗ್ತಾ ಇಲ್ಲ ಮೇಡಂ,” ಅಂದ,
ತನ್ನ ಹೆಬ್ಬೆರಳು ತೋರಿಸಿ.