ಸುಡದ ಗುಲಾಬಿ

ಲಾಂಗ್ಟನ್ನಿನಲ್ಲಿ ನಮ್ಮ ಹಿತ್ತಲಿಗೆ ಹಿತ್ತಲು ತಾಗಿದ ಮನೆ
ಈನಿಡ್ ಟನ್ನಿಕ್ಲಿಫ್‌ಳದು.
ಮೂವತ್ತೊಂದು ವರ್ಷ
ಪಿಂಗಾಣಿ ತಟ್ಟೆಗಳಿಗೆ ಹೂ ಅಂಟಿಸಿದವಳು.
ಅವಳ ಅಡುಗೆಮನೆಯ ತಟ್ಟೆಗಳಲ್ಲಿ ಮಾತ್ರ ಹೂವಿಲ್ಲ:
ಅಂಚು ಸೊಟ್ಟಗಾದವು, ಮಚ್ಚೆ ಬಿದ್ದವು,
ಕಾರ್ಖಾನೆ ಒಲ್ಲೆನೆಂದ ಬಿಳಿಯವು.

ನನಗಾಗ ಒಂಬತ್ತು.
ಕಾಲುವೆಯ ಕಟ್ಟೆಯಿಂದ ಬಿದ್ದು ಎಡಗೈ ಮುರಿದಿತ್ತು.
ಬೆರಳಬುಡದಿಂದ ಮೊಣಕೈತನಕ ಪ್ಲಾಸ್ಟರು.
ಅದರ ಮೇಲೆ ಯಾರೂ ಹೆಸರು ಬರೆದಿರಲಿಲ್ಲ,
ಶಾಲೆಗೆ ರಜೆ.
ಅಮ್ಮ ಬೆಳಗಿನ ಪಾಳಿಗೆ ಹೋಗುವಾಗ
ನನ್ನನ್ನು ಈನಿಡಳ ಬಾಗಿಲಲ್ಲಿ ಬಿಟ್ಟಳು.

"ಬಾ ಬಾತುಮರಿ" ಅಂದಳು.
ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು,
ಆವಿಗೆಗೆ ಹೋಗುವ ಹೂಜಿಯನ್ನು ನೋಡುವ ಹಾಗೆ.
"ಇಷ್ಟು ಬೋಳು ಇಟ್ಟುಕೊಂಡು ಬೀದಿಗೆ ಬರೋದೇ?"

ಮಂಚದಡಿಯಿಂದ ಒಂದು ಸೂಟ್‌ಕೇಸು ಎಳೆದಳು.
ಕಾರ್ಖಾನೆ ಮುಚ್ಚಿದ ಶುಕ್ರವಾರ
ಕೋಟಿನೊಳಗೆ ಬೆನ್ನಿಗೆ ಕಟ್ಟಿಕೊಂಡು ತಂದ ಹಾಳೆಗಳು.
ಹಾಳೆ ತುಂಬ ಗುಲಾಬಿ.
ಇನ್ನೊಂದು ತೆಗೆದರೆ ಅದರಲ್ಲೂ ಗುಲಾಬಿ.

"ಡೈನೋಸಾರ್ ಇಲ್ಲವಾ?"
"ಡೈನೋಸಾರಿನ ಮೇಲೆ ಕೇಕ್ ಇಟ್ಟು ತಿನ್ನೋರು
ಆಗ ಇರಲಿಲ್ಲ ಕಣೇ."

ಬೋಗುಣಿಯಲ್ಲಿ ಉಗುರುಬೆಚ್ಚನೆ ನೀರು.
ಹಾಳೆಯ ತುಂಡು ಮೊದಲು ಸುರುಳಿ ಸುತ್ತಿತು,
ಚಳಿ ಹಿಡಿದವರ ಹಾಗೆ.
ಆಮೇಲೆ ತಾನಾಗಿ ಬಿಚ್ಚಿಕೊಂಡಿತು.
"ಎಳೀಬೇಡ.
ಅದಕ್ಕೇ ಬೇಕು ಅನ್ನಿಸಿದಾಗ ಜಾರುತ್ತೆ."
ಹೆಬ್ಬೆರಳು ಊರಿ ಒಂಚೂರು ನೂಕಿದಳು.
ಕಾಗದ ಹಿಂದೆ ಉಳಿಯಿತು,
ಹೂವಷ್ಟೇ, ಹಾಲಿನ ಕೆನೆಯಷ್ಟು ತೆಳು,
ಅವಳ ಬೆರಳ ಮೇಲೆ.

ಪ್ಲಾಸ್ಟರ್ ನೆನೆಯಬಾರದು ಅಂದೆ.
ಒದ್ದೆ ಹೂವನ್ನು ಬಟ್ಟೆಗೊತ್ತಿ, ಊದಿ,
ಆಮೇಲೇ ಕೈಗೆ ತಂದಳು.
ಒಂದು ರಬ್ಬರ್ ತುಂಡಿನಿಂದ ನಡುವಿನಿಂದ ಅಂಚಿಗೆ,
ನಡುವಿನಿಂದ ಅಂಚಿಗೆ, ನೀವಿದಳು.
"ಒಂದು ಗುಳ್ಳೆ ಉಳಿದರೂ ಬೆಂಕಿಯಲ್ಲಿ ಸಿಡಿಯುತ್ತೆ.
ಸಿಡಿದ ತಟ್ಟೆಯ ದುಡ್ಡು ನನ್ನ ಲಕೋಟೆಯಿಂದ ಹೋಗೋದು."
ಡಜನ್ನಿಗೆ ಇಷ್ಟು ಎಂದು ಕೂಲಿ.
ಅವಳ ಹೆಬ್ಬೆರಳಿನ ಉಗುರು ಚಪ್ಪಟೆ.

ನಾನು ಕತ್ತರಿ ಕೇಳಿದೆ.
"ಯಾಕೆ?"
"ಎಸಳು ಬಿಡಿಸಿದರೆ ಪೊರೆಯಾಗುತ್ತೆ."
ಮೂವತ್ತೊಂದು ವರ್ಷದಲ್ಲಿ
ಒಂದು ಗುಲಾಬಿಗೂ ಕತ್ತರಿ ತಾಗಿಸಿದವಳಲ್ಲ.
ಗಡಿಯಾರ ನೋಡಿದಳು. ಬಾಗಿಲು ನೋಡಿದಳು,
ಮೇಸ್ತ್ರಿ ಈಗಲೂ ಬಂದಾನು ಅನ್ನುವ ಹಾಗೆ.
ಆಮೇಲೆ ಕಚಕ್.

ಎಸಳೆಲ್ಲ ಪೊರೆ. ಎಲೆ ಬೆನ್ನಿನ ಗರಗಸ.
ಮುಳ್ಳು ಹಲ್ಲು. ಒಂದು ಮೊಗ್ಗು ಕಣ್ಣು.
ತಟ್ಟೆಯಂಚಿನ ಚಿನ್ನದ ಗೆರೆ ಬಾಲವಾಗಿ
ಮೊಣಕೈ ಸುತ್ತಿತು.
ಹೊಟ್ಟೆಯ ಹತ್ತಿರ ಒಂದು ಗುಳ್ಳೆ ಉಳಿಯಿತು.
ರಬ್ಬರು ಎತ್ತಿದವಳು ತಡೆದಳು.
"ಇರಲಿ ಬಿಡು, ಏನೋ ನುಂಗಿದೆ."

"ಇದನ್ನ ಸುಡಬೇಕಾ?"
"ಸುಡದೆ ಹೋದರೆ ನಿಲ್ಲಲ್ಲ.
ಉಗುರು ತಾಗಿದರೂ ಏಳುತ್ತೆ.
ನಿನ್ನ ಮೂಳೆ ಕೂಡೋಕೆ ಎಷ್ಟು ದಿನ ಅಂದರು?"
"ಆರು ವಾರ."
"ಅಷ್ಟಕ್ಕೆ ಬೆಂಕಿ ಯಾಕೆ."

ಎರಡನೇ ವಾರ ಬಾಲ ಹೋಯಿತು, ಸ್ನಾನದ ತೊಟ್ಟಿಯಲ್ಲಿ.
ಹಲ್ಲುಗಳು ದಿಂಬಿನ ಮೇಲೆ ಸಿಕ್ಕವು.
ಶನಿವಾರ ಶನಿವಾರ ರಿಪೇರಿ;
ಸೂಟ್‌ಕೇಸಿನ ಹಾಳೆ ಕರಗುತ್ತ ಬಂತು,
ಅವಳು ಎಣಿಸಲಿಲ್ಲ.

ಆಸ್ಪತ್ರೆಯ ಗರಗಸ ಪ್ರಾಣಿಯನ್ನು
ಉದ್ದಕ್ಕೆ ಎರಡು ಸೀಳು ಮಾಡಿತು.
ಒಳಗಿಂದ ಬಂದ ಕೈ
ಸಪೂರ, ಬಿಳಿ, ಪುಡಿ ಉದುರುತ್ತಿತ್ತು,
ಮಣಿಕಟ್ಟಿನ ಹತ್ತಿರ ಒಂಚೂರು ಸೊಟ್ಟ.
ಬಸ್ಸಿಳಿದು ನೇರ ಈನಿಡಳ ಮನೆಗೆ ಹೋದೆ, ತೋರಿಸಿದೆ.

ಕಿಟಕಿಯ ಬೆಳಕಿಗೆ ಹಿಡಿದಳು.
ತಿರುಗಿಸಿದಳು.
ಚಪ್ಪಟೆ ಉಗುರಿನಿಂದ ಸೊಟ್ಟದ ಮೇಲೆ ಎರಡು ಸಲ ತಟ್ಟಿ
ಕಿವಿಗೊಟ್ಟು ಕೇಳಿದಳು.
"ಎರಡನೇ ದರ್ಜೆ" ಅಂದಳು.
"ನಾವು ಮನೆಗೆ ತಗೊಂಡು ಹೋಗ್ತಿದ್ದದ್ದು ಇಂಥದ್ದನ್ನೇ."