ಹದಿಮೂರನೇ ಕಂತು

ದೆವ್ವ ಇಲ್ಲೇ ಇಲ್ಲ ಇದರಾಗ.
ಎರಡು ರಾತ್ರಿ, ಫೋನಿನ ಮ್ಯಾಲ,
ಕಿವಿಗೆ ವಯರು ಸಿಗಿಸಿಕೊಂಡು ಅಷ್ಟೂ ಕಂತು ನೋಡಿ ಮುಗಿಸೇನಿ.
ಗೆಜ್ಜಿ ಸಪ್ಪಳಕ್ಕ ಕೊನಿಗೆ ಒಂದು ಟೇಪ್‌ರೆಕಾರ್ಡರ್ ಸಿಗತದ,
ಬಿಳಿ ಸೀರಿ ಅಂದ್ರ ಬಾಗಲದ ಪರದೆ.
ಗ್ವಾಡಿ ಗಡಿಯಾರ ತಾನಾಗೇ ನಿಲ್ಲೂದಿಲ್ಲ,
ಒಬ್ಬ ಮನಷ್ಯಾ ಕುರ್ಚಿ ಹತ್ತಿ
ಬೆರಳಿಲೆ ಲೋಲಕ ಹಿಡದು ನಿಲ್ಲಸ್ತಾನ.

ಮತ್ತ ನಾ ಮೂವತ್ತೈದು ವರ್ಷ
ಕಂಡಕಂಡವರಿಗೆ ಹೇಳಕೋತ ಬಂದೇನಲ್ಲ:
ಸಣ್ಣಾಕಿ ಇದ್ದಾಗ ಒಂದು ದೆವ್ವದ ಸೀರಿಯಲ್ ನೋಡಿದ್ದೆ,
ಹೆಸರು ನೆನಪಿಲ್ಲ, ದೆವ್ವ ನೆನಪದ ಅಂತ?

ಸೊಲ್ಲಾಪುರದ ಪೂರ್ವಭಾಗ.
ಗುರುವಾರ ರಾತ್ರಿ ಒಂಬತ್ತೂವರಿಗೆ ಸುದ್ದಾ
ಮಗ್ಗದ ಖಟಖಟ ನಿಲ್ತಿರಲಿಲ್ಲ.
ಚಾಳಕ್ಕ ಒಂದೇ ಟೀವಿ, ಜನಾರ್ದನ ಜಾಬರಂದು.
ಆಂಟೆನಾದ ಕೋಲು ವಿಜಾಪುರದ ಕಡೆ ತಿರುವಿದರ
ಹಿಟ್ಟಿನ ಗಿರಣಿ ಒಳಗಿಂದ ಬಂಧಂಗ ಕನ್ನಡ ಬರತಿತ್ತು,
ಮೈಯೆಲ್ಲಾ ಬೆಳ್ಳಗ, ಉದರಕೋತ.

ನರ್ಸವ್ವ, ಲಚ್ಚವ್ವ, ಗಾಯಕವಾಡರ ಆಯಿ,
ತೊಡಿ ಮ್ಯಾಲ ಮರ ಇಟ್ಟುಕೊಂಡು ಬೀಡಿ ಸುತ್ತಕೋತ ಕೂಡ್ತಿದ್ರು.
ಹೆದರಿಕಿ ಏರಿದಂಗ ಬೀಡಿ ಬಿಗಿ ಆಗತಿದ್ದುವು,
ಮರುದಿನ ಕಾರಖಾನ್ಯಾಗ ಶೇಠ ಅವನ್ನೆಲ್ಲಾ ಹೊರಗ ಒಗೀತಿದ್ದ.

ಕನ್ನಡ ಸಾಳಿಗೆ ಹೋಗಾಕಿ ನಾ ಒಬ್ಬಾಕಿ.
ಟೀವಿ ಬಾಜೂ ಕೂತು, ಒಂದು ಮಾತು ಹಿಂದ,
ಈ ಕಡೆ ಮರಾಠಿ, ಆ ಕಡೆ ತೆಲುಗು ಹೇಳಬೇಕು.
ಬೆಂಗಳೂರ ಕನ್ನಡ ಅದು, ನನಗೇ ಅರ್ಧ ತಿಳೀತಿರಲಿಲ್ಲ,
ತಿಳೀದಲ್ಲಿ ಒಂದು ಕಿರುಚಾಟ ಸೇರಸ್ತಿದ್ದೆ.
ಜಾಬರ್ ಕಾಕಾ ಕಂತಿಗೊಂದು ಶೇಂಗಾ ಚಿಕ್ಕಿ ಕೊಡತಿದ್ದ.

ವತ್ಸಲಾ ವಹಿನಿ ಸತ್ತದ್ದು ಏಳನೇ ಕಂತಿನ ವಾರ.
ಸ್ಟೋ, ಅಂದ್ರು.
ಅದೊಂದು ಶಬ್ದ ಮಾತ್ರ
ಯಾರಿಗೂ ನಾ ತಿಳಿಸಿ ಹೇಳಬೇಕಾಗಲಿಲ್ಲ.

ಎಂಟನೇದು ಯಾರೂ ನೋಡಲಿಲ್ಲ.
ಒಂಬತ್ತಕ್ಕ ಅಂವನೇ ಬಂದು ಕರದ,
ಬರ್ರಿ, ಕೂಡ್ರಿ, ಖಾಲಿ ಮನಿ ತಿನ್ನಾಕ ಬರತದ.
ಅಡಗಿಮನಿ ಗ್ವಾಡಿಗೆ ಹೊಸಾ ಸುಣ್ಣ ಬಡದಿದ್ದ.
ಆ ಹಸಿ ವಾಸನಿಯೊಳಗ ಕೂತು ಉಳಿದದ್ದು ನೋಡಿದಿವಿ.

ಹದಿಮೂರನೇದು.
ಬಂಗಾರ ಅಂಚಿನ ಚಷ್ಮಾದ ಗಂಡ ಗಡಿಯಾರದ ಮುಂದ ನಿಂತು,
ಗಿರಾಕಿಗೆ ಬಟ್ಟಿ ತೋರಿಸಿಧಂಗ, ಮೆತ್ತಗ:
‘ದೆವ್ವವನ್ನು ಮನೆಗೆ ತಂದವನು ನಾನು. ಅವಳನ್ನು ಕೊಂದವನೂ.’

ಬೀಡಿ ಸುತ್ತೂದು ನಿಂತಿತು.
ಕಾಯ ಮ್ಹಣಾಲಾ ಗ?
ಏಮನ್ನಾಡೆ?
ನಾ ಬಾಯಿ ತಗದೆ.
ಅವ್ವ ನನ್ನ ತೊಡಿ ಚಿವುಟಿದಳು,
ಉಗುರಿಲೆ, ಹಿಡದದ್ದು ಬಿಡಲಿಲ್ಲ.
ನಮ್ಮ ಹಿಂದ ಕುರ್ಚ್ಯಾಗ ಅಂವ.

ಭೂತ, ಅಂದೆ.
ಆ ಕಡೆ ತಿರುಗಿ, ದಯ್ಯಂ.

ಎಲ್ಲಾರೂ ಉಸರು ಬಿಟ್ರು.
ನನಗ ಮೊದಲೇ ಗೊತ್ತಿತ್ತು ತಗೋ, ಅಂದ್ಲು ಲಚ್ಚವ್ವ.
ಹೆಸರು ಏರಾಕ ಹತ್ತಿದ್ದುವು,
ಕಾಕಾ ಎದ್ದು ಟೀವಿ ಬಂದ್ ಮಾಡಿದ.
ಅವತ್ತು ಚಿಕ್ಕಿ ಎರಡು ಕೊಟ್ಟ. ತಿಂದೆ.

ಅವ್ವಗ ಕೇಳಬೇಕಂದ್ರ ಅವ್ವ ಹೋಗಿ ಆರು ವರ್ಷ.
ಈಗ, ಫೋನು ಎದಿ ಮ್ಯಾಲ ಬಕ್ಕಬರ್ಲ ಇಟ್ಟುಕೊಂಡು
ಮಲಗಿದಾಗ ಇನ್ನೊಂದು ನೆನಪಾಗತದ:
ನರ್ಸವ್ವ ದಿನಾ ಮುಂಜಾನೆ
ನಳದ ಮುಂದ ಕೊಡ ಹಿಡಕೊಂಡು
ನಮ್ಮವ್ವನ ಜೋಡಿ ಜಗಳಾಡತಿದ್ದದ್ದು ಕನ್ನಡದಾಗ.
ಗಾಯಕವಾಡರ ಆಯಿಯ ತವರುಮನಿ ದುಧನಿ.
ಜಾಬರ ಅಕ್ಕಲಕೋಟದಂವ.

ಯಾರಿಗೆ ತಿಳಿದಿರಲಿಲ್ಲ ಹಂಗಾರ?
ಹನ್ನೊಂದು ವರ್ಷದ ಹುಡುಗಿ ಬಾಯಿಲೆ
ಅದೊಂದು ಮಾತು ಕೇಳಬೇಕಾಗಿತ್ತು ಅವರಿಗೆ,
ಕೇಳಿಸಿಕೊಂಡು ಮನಿಗೆ ಹೋದ್ರು, ಬಾಗಲಾ ಹಾಕ್ಕೊಂಡ್ರು.

ಎದ್ದು ಕೊನೀ ಎರಡು ನಿಮಿಷ ಮತ್ತ ಹಚ್ಚಿದೆ.
ಹೆಸರು ಏರತಾವ, ನಿಧಾನ, ಕರಿ ಪರದೆ ಮ್ಯಾಲ:
ಗಂಡ, ಹೆಂಡತಿ, ಫೌಜದಾರ, ಹಾಲಿನಂವ,
ಪೆಟ್ರೋಮ್ಯಾಕ್ಸ್ ಹಿಡದಂವನ ಹೆಸರು ಸುದ್ದಾ.
ಅಷ್ಟೂ ಓದಿದೆ, ಎರಡು ಸಲ.
ದೆವ್ವದ ಪಾರ್ಟಿಗೆ
ಯಾರ ಹೆಸರೂ ಹಾಕಿಲ್ಲ.