ಆಳಕ್ಕ ಕಾಲಂ ಇಲ್ಲ

ಗದಗಿನ ಸಬ್‌ರಜಿಸ್ಟ್ರಾರ್ ಕಚೇರಿ ಎದುರು
ತಗಡಿನ ನೆರಳಾಗ ನನ್ನ ಟೇಬಲ್ಲು.
ಹತ್ತೊಂಬತ್ತು ವರ್ಷ ಆತು, ಮಂದಿ ಮನಿ ಬರದು ಕೊಡತೇನಿ:
ಪೂರ್ವಕ್ಕ ಯಾರು, ಪಶ್ಚಿಮಕ್ಕ ಯಾವ ಹಾದಿ,
ಉತ್ತರಕ್ಕ ಯಾರ ಬಚ್ಚಲ ನೀರು.

ಆವತ್ತು ಇಬ್ಬರು ಕೂಡೇ ಬಂದ್ರು.
ಜಗಳಿಲ್ಲ, ವಕೀಲರಿಲ್ಲ, ಕೈಚೀಲದಾಗ ರೊಕ್ಕಿಲ್ಲ.
ಬೆಟಗೇರಿಯ ಈರಬಸಪ್ಪ ಹೊಂಬಳ,
ರೈಲ್ವೆದಾಗ ಪಾಯಿಂಟ್ಸ್‌ಮನ್ ಆಗಿ ಮುಪ್ಪಾದಾಂವ;
ಸ್ಟೇಷನ್ ರಸ್ತೆಯ ಜೈತುನಬಿ ಢಾಲಾಯತ,
ಮಾಳಿಗಿ ಮ್ಯಾಲಿನ ಮನಿಯಾಕಿ, ನೇಯುವಾಕಿ.

"ನನ್ನದು ಅವರಿಗೆ, ಅವರದು ನನಗ.
ರೊಕ್ಕನ ಮುಟ್ಟಿಲ್ಲಂದ ಮ್ಯಾಲೆ
ತೆರಿಗಿ ಎಲ್ಲಿಂದ ಬರತೈತಿ?"

ಬರತೈತ್ರಿ, ಅಂದೆ.
ಕಾಯಿದೆ ಕಣ್ಣಾಗ ಕೊಟ್ಟಿದ್ದು ಕೊಟ್ಟಂಗ,
ಕೈಯಾಗ ನೋಟು ಬಂದ್ರೇನು, ಕೀಲಿಕೈ ಬಂದ್ರೇನು.
ಮಾರ್ಗಸೂಚಿ ಬೆಲಿ ಹಿಡದು ಮುದ್ರಾಂಕ.
ಇಂದಿನ ಬೆಲಿಯೊಳಗ ಅಂದಿನ ಬೆಲಿ ಕಳದರ ಲಾಭ.
ಆದರ ಮನಿ ಕೊಟ್ಟು ಮನಿನ ತಗೊಂಡ್ರ
ಆ ಲಾಭದ ತೆರಿಗಿ ಮೂಲ್ಯಾಗ ಸುಮ್ಮನ ಕುಂದರತೈತಿ,
ಮೂರು ವರ್ಷ ಹೊಸಾದನ್ನ ಮಾರದಿದ್ರ.
ಮಾರಿದ್ರ ಎದ್ದು ಬಂದು ಕದಾ ಬಡಿತೈತಿ.

ಈರಬಸಪ್ಪ ಗೋಣು ಹಾಕಿದ:
"ಹೌದು, ಲೂಪ್ ಲೈನಿಗೆ ಹಾಕಿದಂಗ.
ಗಾಡಿ ನಿಂತೈತಿ, ಹೋಗಿಲ್ಲ."

ಅಂದಿನ ಬೆಲಿ ಎಷ್ಟ್ರಿ?
"ಅಪ್ಪ ಕಟ್ಟಿಸಿದ್ದು. ನಾ ಇನ್ನೂ ಹುಟ್ಟಿದ್ದಿಲ್ಲ."
ಅಪ್ಪ ಕೊಟ್ಟ ಬೆಲಿನ ಮಗನ ಬೆಲಿ.
ಚೀಟಿ ಇಲ್ಲಂದ್ರ
ಎರಡು ಸಾವಿರದ ಒಂದನೇ ಇಸವಿ, ಏಪ್ರಿಲ್ ಒಂದರ ಬೆಲಿ ಹಿಡೀಬಹುದು.
ಅದಕ್ಕಿಂತ ಹಿಂದಿನದು
ಸರಕಾರಕ್ಕ ನೆನಪಿರಬೇಕಂತ ಏನಿಲ್ಲ.

ಅಳತಿಗೆ ಟೇಪು ಹಿಡದು ಬೆಟಗೇರಿಗೆ ಹೋದೆ.
ಪಡಸಾಲ್ಯಾಗ ಮಗ್ಗದ ಕುಣಿ.
ಮಗ್ಗ ಕಟಗಿಯಾಗಿ ನೀರೊಲಿಗೆ ಹೋಗಿ ಹದಿನಾಲ್ಕು ವರ್ಷ,
ಕುಣಿಯೊಳಗ ಉಳ್ಳಾಗಡ್ಡಿ ಸಿಪ್ಪಿ, ಒಂದು ಮುರಕ ತೊಟ್ಟಿಲ.
ಜೈತುನಬಿ ಚಪ್ಪಲಿ ಬಿಟ್ಟು ಇಳದಳು. ಕುಂತಳು.
ಇಲ್ಲದ ಕಾಲಮೆಟ್ಟು ಹುಡುಕಿ
ಎಡಗಾಲು ಒತ್ತಿದಳು, ಬಲಗಾಲು ಒತ್ತಿದಳು.
"ಮಾಳಿಗಿ ಮ್ಯಾಲೆ ಕುಣಿ ತೋಡಾಕ ಬರೂದಿಲ್ಲಕ್ಕಾ,
ಕೆಳಗಿನವ್ರ ತಲಿಗೆ ಕಾಲು ಬಡೀತಾವ."

ಫಾರ್ಮಿನಾಗ ಉದ್ದ ಐತಿ, ಅಗಲ ಐತಿ,
ಸವಕಳಿ ಕಳ್ಯಾಕ ಕಟ್ಟಡದ ವಯಸ್ಸು ಐತಿ.
ಆಳಕ್ಕ ಕಾಲಂ ಇಲ್ಲ.
ಎರಡೂವರೆ ಫೂಟು ಖಾಲಿ,
ಯಾವ ಉತಾರದಾಗೂ ಏರದ್ದು,
ಅದನ್ನ ಆಕಿ ಕೊಂಡಿದ್ದು.

ಬೆಲಿ ಸಮ ಆಗಲಿಲ್ಲ. ಈರಬಸಪ್ಪ ಮ್ಯಾಲೆ
ಒಂದು ಲಕ್ಷ ಹತ್ತು ಸಾವಿರ ಎಣಿಸಬೇಕಾತು.
ಅದು ಮಾತ್ರ ಖರೇ ರೊಕ್ಕ, ಅದು ಎಲ್ಲೂ ಅಡಗೂದಿಲ್ಲ.
ಹಳೇ ಮನಿಪಟ್ಟಿ ಬಾಕಿ ತುಂಬೂ ಮುಂದ
ಜೈತುನಬಿ ಚಲನ್ ಓದಿಸಿದಳು.
ಆರೋಗ್ಯ ಕರ. "ಆಗಲಿ."
ಗ್ರಂಥಾಲಯ ಕರ. "ನಾ ಓದಾಕಿ ಅಲ್ಲ. ತುಂಬೇನಂದ ಮ್ಯಾಲೆ
ಒಂದಿನ ಹೋಗಿ ಕುಂತು ಬರತೇನಿ, ಫ್ಯಾನ್ ಇರಬೇಕಲ್ಲಾ."
ಭಿಕ್ಷುಕರ ಕರ.
ಆಕಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.
"ಇದನ್ನ ನಾ ಇಷ್ಟು ದಿನ ರಸೀದಿ ಇಲ್ಲದ ಕೊಟ್ಟೇನಿ."

ಫೋಟೋ, ಹೆಬ್ಬೆಟ್ಟು, ಎರಡು ಸಾಕ್ಷಿ.
ಅದಲಾಬದಲಿ ಪತ್ರ ನೋಂದಣಿ ಆತು.

ತಿಂಗಳ ಮ್ಯಾಲೆ ಈರಬಸಪ್ಪ ಚಾಕ್ಕ ಬಂದ, ಕಣ್ಣು ಕೆಂಪು.
ರೈಲಿನ ಸಪ್ಪಳ ಇಲ್ಲದ ನಿದ್ದಿ ಹತ್ತೂದಿಲ್ಲಂತ
ಆ ಮಾಳಿಗಿ ಏರಿದಾಂವ.
"ಈಗಿನವೆಲ್ಲಾ ಕರೆಂಟಿನ ಗಾಡಿ, ತಂಗಿ.
ಕಳ್ಳರಂಗ ಬಂದು ಕಳ್ಳರಂಗ ಹೋಗತಾವ.
ನಿನ್ನೆ ಬೆಟಗೇರಿಗೆ ಹೋಗಿದ್ದೆ. ಆಕಿ ಮಗ್ಗ ಹೂಡ್ಯಾಳ.
ಕಟ್ಟಿ ಮ್ಯಾಲೆ ಕುಂತೆ. ಕಟಕಟ, ಕಟಕಟ,
ಅಲ್ಲೇ ಕಣ್ಣು ಮುಚ್ಚಿದ್ವು ನೋಡು."

ಬಟ್ಟಲಾಗ ಚಾ ಆರತಿತ್ತು.
"ಮೂರು ವರ್ಷ ಅಂದ್ಯಲ್ಲಾ, ಇನ್ನ ಎಷ್ಟು ದಿನ ಉಳದಾವು?"
ಎಣಿಸಿ ಹೇಳಿದೆ.
ಚಾದ ರೊಕ್ಕ ಅವನ ಕೊಟ್ಟು ಹೋದ.